ರಾಕೆಟ್ ಸಿನಿಮಾ ನಾಲ್ಕು ಊರು ಸುತ್ತಿದ್ದು

ಸಿನಿಮಾ ತೋರಿಸುವವನಿಗೆ ಪರದೆಯ ಮೇಲಿನ ಕಥೆಗಿಂತ ಪರದೆಯ ಮುಂದೆ ಕುಂತವರ ಕಥೆಗಳೇ ಹೆಚ್ಚು ಸಿಗುತ್ತವೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನೊಂದು ಟೂರಿಂಗ್ ಟಾಕೀಸಿನ ಆಪರೇಟರ್. ಊರಿಂದೂರಿಗೆ ತಂಬು ಕೀಳುವುದು, ತಂಬು ಹೊಡೆಯುವುದು, ಮಷೀನು ತಿರುವುವುದು, ಇದೇ ನಮ್ಮ ಬಾಳ್ವೆ.

ಒಮ್ಮೆ ನಮ್ಮ ಟಾಕೀಸಿನ ಸಾವ್ಕಾರರು ಹುಬ್ಬಳ್ಳಿಯಿಂದ ಪರದೇಶದ ಸಿನಿಮಾ ಪೆಟ್ಟಿಗೆಯೊಂದನ್ನು ತಂದರು. ಪೋಸ್ಟರಿನಲ್ಲಿ ರಾಕೆಟ್ಟು ಬೆಂಕಿ ಉಗುಳುತ್ತಿತ್ತು. "ಫೈಟಿಂಗ್ ಜೋರ್ ಇರ್ತೈತಿ ನೋಡು" ಎಂದರು. ಹಾಕಿ ನೋಡಿದರೆ ಫೈಟಿಂಗ್ ಹಾಳಾಗಲಿ, ಮಾತೇ ಇಲ್ಲ. ಒಬ್ಬನೇ ಒಬ್ಬ ಮನುಷ್ಯ ರಾಕೆಟ್ಟಿನೊಳಗೆ ಕುಂತು ಕಿಡಕಿಯಿಂದ ಚುಕ್ಕಿ ನೋಡುತ್ತಾನೆ. ಚಹಾ ಕುಡಿಯುತ್ತಾನೆ. ಮತ್ತೆ ಚುಕ್ಕಿ ನೋಡುತ್ತಾನೆ. ದೊಡ್ಡ ದೊಡ್ಡ ದೇಶದ ಶಾಣ್ಯಾರೆಲ್ಲ ತಲೆದೂಗಿದ ಸಿನಿಮಾ ಅದು ಎಂದು ನಮಗೆ ಆಮೇಲೆ ತಿಳಿಯಿತು. ಸಾವ್ಕಾರರು ತಲೆಯ ಮೇಲೆ ಕೈ ಹೊತ್ತು ಕುಂತರು. ಆದರೆ ಊರ ತುಂಬ ಜಾಹೀರಾತು ಆಗಿಹೋಗಿತ್ತು. "ಜನಾ ತಂಬುಕ್ಕ ಬೆಂಕಿ ಹಚ್ಚದಿದ್ರ ಸಾಕಪಾ" ಎನ್ನುತ್ತ ಆಟ ಶುರು ಮಾಡಿಸಿದರು.

ಹಾನಗಲ್ಲಿನ ಮೊದಲ ಆಟ

ಮನುಷ್ಯ ಕಿಡಕಿ ಬಿಟ್ಟು ಅಲ್ಲಾಡಲೇ ಇಲ್ಲ. ನೆಲದ ಮೇಲೆ ಕುಂತವರು ಸೀಟಿ ಹಾಕಿದರು.

"ಏ ಆಪರೇಟರ್, ಮಷೀನ್ ನಿಂತೈತಿ, ತಿರುವೋ!"

ನಾನು ಒಳಗಿಂದಲೇ ಕೂಗಿದೆ: "ಮಷೀನ್ ತಿರಗಾಕತ್ತೈತ್ರೀ, ಅವನ ನಿಂತಾನ!"

"ಹಂಗಾರ ಅವನ್ನ ತಿರುವು!"

ಅರ್ಧ ಜನ ಎದ್ದು ಹೋದರು. ಉಳಿದವರಲ್ಲಿ ಒಬ್ಬರು ಭತ್ತದ ವ್ಯಾಪಾರಿ. ಅವರು ಬಾಯಿ ತೆರೆದರೆ ಪೇಟೆಯಲ್ಲಿ ಬೇರೆಯವರಿಗೆ ಮಾತಿಗೆ ಜಾಗವೇ ಇರುತ್ತಿರಲಿಲ್ಲ. ಈಗ ಕಥೆ ಶುರುವಾಗುತ್ತದೆ, ಇನ್ನೇನು ಆಗುತ್ತದೆ ಎಂದು ಕಾಯುತ್ತ ಆಟ ಮುಗಿಯುವ ತನಕ ಕುಂತಿದ್ದರು. ಹೊರಗೆ ಬಂದವರೇ ಸಿಡಿದರು. "ಇದೂ ಒಂದು ಸಿನಿಮಾನೇನ್ರೀ? ಕಥಿ ಇಲ್ಲ, ಹಾಡಿಲ್ಲ, ಹೇಳಾವ್ರಿಲ್ಲ ಕೇಳಾವ್ರಿಲ್ಲ!"

ಹಿಂದಿನಿಂದ ಅವರ ಮನೆಯವರು ಬಂದು ಸಾವ್ಕಾರರಿಗೆ ಮೆಲ್ಲಗೆ ಹೇಳಿದರು: "ನಮಗ ಭಾಳ ಚೊಲೊ ಅನಸ್ತ್ರಿ ಅಣ್ಣಾರ. ಲಗ್ನ ಆದಾಗಿಂದ ಇವ್ರು ಇಷ್ಟೊತ್ತು ಬಾಯಿ ಮುಚ್ಚಿ ಕುಂತಿದ್ದು ಇವತ್ತ ನೋಡಿದೆ. ನಾಳೆನೂ ಇದನ್ನ ಹಾಕ್ತೀರೇನ್ರಿ?"

ಶಿಗ್ಗಾಂವಿಯ ತತ್ವಶಾಸ್ತ್ರ

ರೀಲಿನ ಡಬ್ಬಿಗಳಿಗೆ ನಂಬರಿನ ಚೀಟಿ ಅಂಟಿಸುವ ಕೆಲಸ ಸಾವ್ಕಾರರದೇ. ಬೇರೆ ಯಾರ ಮೇಲೂ ಅವರಿಗೆ ನಂಬಿಕೆ ಇರಲಿಲ್ಲ. ಶಿಗ್ಗಾಂವಿಯಲ್ಲಿ ಅವರು ಅಂಟಿಸಿದ ಪ್ರಕಾರ ನಾನು ಓಡಿಸಿದೆ. ಮನುಷ್ಯ ಮೊದಲು ಮುದುಕನಾದ, ಆಮೇಲೆ ಹರೆಯದವನಾದ, ನಡುವೆ ರಾಕೆಟ್ಟು ಹತ್ತುವ ಮೊದಲೇ ರಾಕೆಟ್ಟಿನಲ್ಲಿದ್ದ.

ಜನ ಗೊಣಗುತ್ತ ಹೊರಟರು. ಆದರೆ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುವ ಮಾಸ್ತರರೊಬ್ಬರು ಗೇಟಿನ ಹತ್ತಿರ ನಿಂತು ಸಾವ್ಕಾರರ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು. "ಕಾಲಚಕ್ರ ಅಂದ್ರ ಇದರೀ! ಮುಪ್ಪಿನೊಳಗ ಹರೇ ಅದ, ಹರೇದೊಳಗ ಮುಪ್ಪು ಅದ. ಎಂಥಾ ದರ್ಶನ! ನಾಳೆ ನಮ್ಮ ಮಂದೀನೆಲ್ಲಾ ಕರಕೊಂಡು ಬರ್ತೇನಿ."

ಅಷ್ಟರಲ್ಲಿ ನಾನು ಚೀಟಿಗಳ ಎಡವಟ್ಟು ಹಿಡಿದು, ಸಾವ್ಕಾರರಿಗೆ ತೋರಿಸಿ, ಡಬ್ಬಿಗಳನ್ನು ಸರಿಯಾಗಿ ಜೋಡಿಸಿದ್ದೆ. ಮರುದಿನ ಮಾಸ್ತರರು ಸಹೋದ್ಯೋಗಿಗಳನ್ನೆಲ್ಲ ಕರೆತಂದು ಮುಂದಿನ ಕುರ್ಚಿಗಳಲ್ಲಿ ಕೂಡಿಸಿದರು. ಆಟ ಮುಗಿದ ಮೇಲೆ ಮುಖ ಕೆಂಪಗೆ ಮಾಡಿಕೊಂಡು ನನ್ನ ಹತ್ತಿರ ಬಂದರು.

"ಯಾರ್ರೀ ಸಿನಿಮಾ ಕೆಡಿಸಿದವ್ರು? ನಿನ್ನೆ ಎಲ್ಲಾ ಅರ್ಥ ಆಗಿತ್ತು!"

ಸವಣೂರಿನ ಹೆಂಡತಿ

ಸವಣೂರಿಗೆ ಬರುವ ಹೊತ್ತಿಗೆ ಸಾವ್ಕಾರರಿಗೆ ಒಂದು ಉಪಾಯ ಹೊಳೆದಿತ್ತು. ಟಾಂಗಾದಲ್ಲಿ ಮೈಕು ಹಿಡಿದು ಜಾಹೀರಾತು ಕೂಗುವವನನ್ನೇ ತಂಬಿನೊಳಗೆ ಕೂಡಿಸಿ, "ಜನಕ್ಕ ತಿಳಿಯುವಂಗ ಹೇಳ್ಕೋತ ಹೋಗು" ಎಂದರು. ಸಿನಿಮಾದಲ್ಲಿ ಹೆಣ್ಣೆಂಬುದೇ ಇಲ್ಲ, ಒಂದು ಫೋಟೊ ಕೂಡ ಇಲ್ಲ. ಅವನಿಗೆ ಅದೇನೂ ಅಡ್ಡ ಬರಲಿಲ್ಲ.

"ನೋಡ್ರೆಪಾ, ಹೆಂಡ್ತಿ ಕೂಡ ಜಗಳಾ ಮಾಡಿ ಆಕಾಶಕ್ಕ ಬಂದು ಕುಂತಾನ! ಕೆಳಗ ಅಕಿ ರೊಟ್ಟಿ ಬಡಕೋತ ಅಳಾಕತ್ತಾಳ!" ಮನುಷ್ಯ ಕಪ್ಪು ಎತ್ತಿದ. "ಚಾ ಕುಡದ ನೋಡ್ರಿ... ಅಕಿ ಮಾಡೋ ಚಾದ ರುಚಿ ನೆನಪಾತು!"

ಹೆಂಗಸರ ಕಡೆಯಿಂದ ಮೂಗು ಏರಿಸುವ ಸಪ್ಪಳ ಕೇಳಿಸತೊಡಗಿತು. ಹಾನಗಲ್ಲಿನಲ್ಲಿ ಜನ ಎದ್ದು ಹೋದ ಸಿನಿಮಾಕ್ಕೆ ಇಲ್ಲಿ ಒಬ್ಬರೂ ಅಲ್ಲಾಡಲಿಲ್ಲ. ಆಟ ಮುಗಿದಾಗ ಮಾತ್ರ ತಂಬು ಎರಡು ಹೋಳಾಯಿತು.

"ತಿರುಗಿ ಹೋಗ್ಬೇಕಿತ್ತು ಆ ಭಾಡ್ಯಾ!" ಎಂದರು ಹೆಂಗಸರು.

"ಅಕೀದ ಬಾಯಿ ಜೋರ್ ಇದ್ದೀತು" ಎಂದರು ಗಂಡಸರು.

ವೀಳ್ಯದೆಲೆ ವ್ಯಾಪಾರದ ಒಬ್ಬ ಹಿರಿಯರು ಎರಡೂ ಕಡೆಯವರನ್ನು ಸುಮ್ಮನಾಗಿಸಿ ತೀರ್ಪು ಕೊಟ್ಟರು: "ಹೀರೋಂದೇನ್ ಬಿಡ್ರೀ, ಕುಂತ ಕುಂತ ಸಿನಿಮಾ ಮುಗಿಸ್ಯಾನ. ಆ ಹೆಂಡ್ತಿ ಪಾರ್ಟ್ ಮಾಡ್ಯಾಳಲ್ಲ... ಏನ್ ಆಕ್ಟಿಂಗ್ ರೀ ಅದು!"

ಹಿರೇಕೆರೂರಿನ ಬೀಗರು

ಸಿನಿಮಾದ ಕೊನೆಗೆ ರಾಕೆಟ್ಟು ಎಲ್ಲೋ ಇಳಿಯುತ್ತದೆ. ಬಯಲಿನಲ್ಲಿ ಒಂದು ಬಾಗಿಲು. ಮನುಷ್ಯ ಅದನ್ನು ನೂಕುತ್ತಾನೆ, ಅಷ್ಟಕ್ಕೆ ಮುಗಿಯಿತು.

ಹತ್ತಿರದ ಚಿಕ್ಕೇರೂರಿನ ಇಬ್ಬರು ರೈತರು, ಬೀಗರಾಗಬೇಕಾದವರು, ಕೂಡಿಯೇ ಸಿನಿಮಾಕ್ಕೆ ಬಂದಿದ್ದರು. ಅದೇ ವಾರ ಮಕ್ಕಳ ನಿಶ್ಚಯ ಇತ್ತು. ಬಾಗಿಲ ಹಿಂದೆ ಇರುವುದು ಕೈಲಾಸ ಎಂದು ಹುಡುಗನ ಅಪ್ಪ. ಇಲ್ಲ, ಅವನ ಸ್ವಂತ ಮನೆ ಎಂದು ಹುಡುಗಿಯ ಅಪ್ಪ. ಚಕ್ಕಡಿ ಊರು ಮುಟ್ಟುವುದರೊಳಗೆ ಇಬ್ಬರೂ ಮಾತು ಬಿಟ್ಟಿದ್ದರು. ಬೆಳಗಾಗುತ್ತಲೇ ಇಬ್ಬರೂ ಬೇರೆ ಬೇರೆ ಬಂದು ತಂಬಿನ ಮುಂದೆ ನಿಂತರು. ಹಿಂದೆ ಎರಡೂ ಮನೆಯ ಮಂದಿ.

"ಬಾಗಿಲದ ಹಿಂದ ಏನೈತಿ, ಆ ರೀಲ್ ತಗೀರಿ" ಎಂದರು ಹುಡುಗನ ಅಪ್ಪ.

"ಅಲ್ಲಿಗೇ ಮುಗೀತೈತ್ರೀ ಯಜಮಾನ್ರ" ಎಂದೆ.

"ಬಾಗಲಾ ತಗದು ಒಳಗ ಹೋಗದಾಂವ ಯಾವ ಊರಾಗ ಅದಾನಪಾ? ಕತ್ತರಿಸಿ ಇಟಗೊಂಡೀರಿ ನೀವು!"

ಹುಡುಗಿಯ ಅವ್ವ ಸೆರಗು ಬಾಯಿಗೆ ಹಿಡಿದು, "ಒಂದು ಬಾಗಲದ ಸಲುವಾಗಿ ನನ್ನ ಮಗಳ ಲಗ್ನ ಮುರೀಬ್ಯಾಡ್ರೀ" ಎಂದು ಅತ್ತಳು.

ಸಾವ್ಕಾರರು ಗಂಟಲು ಸರಿಮಾಡಿಕೊಂಡರು. "ಐತಿ, ಐತಿ. ಸಂಜಿ ಆಟಕ್ಕ ಬರ್ರಿ."

"ಎಲ್ಲಿ ಐತ್ರೀ?" ಎಂದೆ ನಾನು, ಅವರು ಹೋದ ಮೇಲೆ.

"ಕೈಗೆ ಸಿಕ್ಕಿದ್ದು ಅಂಟಿಸೋ!"

ಕೈಗೆ ಸಿಕ್ಕಿದ್ದು ಆಟಕ್ಕೆ ಮೊದಲು ತೋರಿಸಬೇಕಾದ, ಆ ಊರಲ್ಲಿ ನಾವಿನ್ನೂ ಹಾಕಿರದ ಸರಕಾರಿ ಸಾಕ್ಷ್ಯಚಿತ್ರ, ದನಗಳಿಗೆ ಲಸಿಕೆ ಹಾಕಿಸುವುದರ ಬಗ್ಗೆ. ಅದರದೊಂದು ತುಂಡು ಕೊನೆಗೆ ಅಂಟಿಸಿದೆ.

ಸಂಜೆ ತಂಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮನುಷ್ಯ ಬಾಗಿಲು ನೂಕಿದ. ಪರದೆಯ ತುಂಬ ಒಂದು ಬಿಳಿ ಎತ್ತು ನಿಂತಿತ್ತು.

"ನಂದೀ!" ಹುಡುಗನ ಅಪ್ಪ ಎದ್ದು ನಿಂತು ಕೈಮುಗಿದರು. "ಹೇಳಿದ್ನಿಲ್ಲೋ, ಕೈಲಾಸ!"

"ಹಿಂದ ಗ್ವಾದ್ಲಿ ನೋಡ್ರೀ, ಅದರಾಗಿನ ಮೇವು ನೋಡ್ರೀ!" ಹುಡುಗಿಯ ಅಪ್ಪನೂ ಎದ್ದರು. "ನಮ್ಮನಿ ದನದ ಕೊಟಗಿನ ಹಂಗ ಐತಿ. ಮನೀನ ಇದು!"

ಇಬ್ಬರೂ ಗೆದ್ದಿದ್ದರು. ಒಬ್ಬರನ್ನೊಬ್ಬರು ನೋಡಿ ನಕ್ಕರು, ಅಲ್ಲೇ ಅಪ್ಪಿಕೊಂಡರು. ಹುಡುಗಿಯ ಅವ್ವ ಸಕ್ಕರೆ ತರಲು ಆಳು ಅಟ್ಟಿದಳು. ನಾನು ಉಸಿರು ಬಿಟ್ಟು ಮಷೀನು ನಿಲ್ಲಿಸಬೇಕು ಅನ್ನುವಷ್ಟರಲ್ಲಿ, ಪರದೆಯ ಮೇಲೆ ದನದ ಡಾಕ್ಟರು ಬಂದು, ಎತ್ತಿನ ಬೆನ್ನು ತಟ್ಟಿ, ಉದ್ದನೆಯ ಸೂಜಿ ಚುಚ್ಚಿಯೇಬಿಟ್ಟರು.

ಸಾವ್ಕಾರರು ಕಣ್ಣು ಮುಚ್ಚಿಕೊಂಡರು.

ಹುಡುಗನ ಅಪ್ಪ ಪರದೆಯ ಕಡೆ ಬಗ್ಗಿ ನೋಡಿ, ಬೀಗರ ಹೆಗಲ ಮೇಲೆ ಕೈ ಹಾಕಿ, ಮರುಕದಿಂದ ಹೇಳಿದರು:

"ಕಾಲುಬಾಯಿ ಬ್ಯಾನಿ ಕೈಲಾಸಾನೂ ಬಿಟ್ಟಿಲ್ಲ ನೋಡ್ರೀ, ಬೀಗರ."