ಸ್ಟ್ರಾಂಗ್ ರೂಮಿನ ಅಜ್ಜಯ್ಯ

ಚನ್ನಗಿರಿ ಪೇಟೆಬೀದಿಯ ಬ್ಯಾಂಕಿನ ಗುಮಾಸ್ತ ಚಿತ್ತಪ್ಪನಿಗೆ ಇತಿಹಾಸವೆಂದರೆ ಮೊದಲಿನಿಂದಲೂ ಆಗದು. ಹೈಸ್ಕೂಲಿನಲ್ಲಿ ಎರಡು ಸಲ ಕೈಕೊಟ್ಟ ವಿಷಯ ಅದು. ೧೯೭೯ರ ಒಂದು ಸೋಮವಾರ ಬೆಳಿಗ್ಗೆ ಅದೇ ಬಂದು ಕೊರಳಿಗೆ ಬಿತ್ತು.

"ನಾಕು ಗಂಟೆಗೆ ಹೆಡ್ಡಾಫೀಸಿನ ದೊಡ್ಡ ಸಾಹೇಬ್ರು ಬರ್ತಾರೆ. ಹಳೇ ಕಟ್ಟಡ ಅಂದ್ರೆ ಅವರಿಗೆ ಪ್ರಾಣ. ನಮ್ಮ ಈ ಕಟ್ಟಡದ ಚರಿತ್ರೆ ಒಂದು ಪುಟ ಬರೆದಿಡ್ರಿ. ಖುಷಿಯಾದ್ರೆ ನಿಮ್ಮ ಜಗಳೂರು ವರ್ಗಾವಣೆ ಅರ್ಜಿ ನಾನೇ ಮುಂದಿಡ್ತೀನಿ," ಎಂದರು ಮ್ಯಾನೇಜರ್ ವಿರೂಪಾಕ್ಷಪ್ಪ.

ಜಗಳೂರಿನಲ್ಲಿದ್ದರು ಹೆಂಡತಿ ಹುಲಿಗೆಮ್ಮ ಮತ್ತು ಹನ್ನೊಂದು ತಿಂಗಳ ಮಗಳು. ಹೋದ ಸಲ ಎತ್ತಿಕೊಂಡಾಗ ಮಗು ಯಾರೋ ಕಳ್ಳ ಹಿಡಿದಂತೆ ಕಿರುಚಿತ್ತು. ಪಾಪ, ಚಿತ್ತಪ್ಪ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡು ಬಂದಿದ್ದ.

ಎದುರಿನ ಅಡಿಕೆ ಮಂಡಿಯ ಷಣ್ಮುಖಪ್ಪನನ್ನು ಕೇಳಿದ. "ಬರ್ಕಳ್ರಿ, ಇದು ನಮ್ಮ ತಾತನ ಅಡಿಕೆ ಗೋದಾಮು!"

ಪಕ್ಕದ ಮನೆಯ ಕಸ್ತೂರಮ್ಮ ಕಿಟಕಿಯಿಂದಲೇ ಗದರಿದರು. "ಯಾವ ಗೋದಾಮು? ನಮ್ಮ ಮುತ್ತಜ್ಜ ಕಟ್ಟಿಸಿದ ಛತ್ರ ಅದು. ಬ್ಯಾರೆ ಏನಾರ ಬರೆದ್ರೆ ಸಾಹೇಬ್ರ ಎದುರಿಗೇ ಬಂದು ಕೂರ್ತೀನಿ!"

ಒಂದು ಗಂಟೆ ಜಗಳವಾಯಿತು. ಕಾಗದಪತ್ರ ಇಬ್ಬರಲ್ಲೂ ಇರಲಿಲ್ಲ. ಕೊನೆಗೆ ಚಿತ್ತಪ್ಪ ಇಬ್ಬರೂ ತಕರಾರು ತೆಗೆಯದಂಥ ಸಾಲೊಂದನ್ನು ಹೊಸೆದ: 'ಈಗಿನ ಸ್ಟ್ರಾಂಗ್ ರೂಮಿನ ಜಾಗದಲ್ಲಿ ನೂರು ವರ್ಷದ ಹಿಂದೆ ಒಬ್ಬ ಅಜ್ಜಯ್ಯ ಮೂರು ದಿನ ತಪಸ್ಸಿಗೆ ಕೂತಿದ್ದರು.' ಅಜ್ಜಯ್ಯ ಗೋದಾಮಿನಲ್ಲೂ ಕೂರಬಹುದು, ಛತ್ರದಲ್ಲೂ ಕೂರಬಹುದು.

ಅದನ್ನೇ ಜೋರಾಗಿ ಓದಿ ನೋಡಿದ. ಕಸ ಗುಡಿಸುತ್ತಿದ್ದ ದುರುಗಮ್ಮ ಪೊರಕೆ ಬಿಸಾಕಿ ಸ್ಟ್ರಾಂಗ್ ರೂಮಿನ ಬಾಗಿಲಿಗೆ ಅಡ್ಡಬಿದ್ದಳು.

"ಅಯ್ಯೋ ನನ್ನಪ್ಪಾ! ಇಷ್ಟ್ ವರ್ಷ ನಿನ್ ಮುಂದೇನೇ ಪೊರಕೆ ಆಡಿಸಿದ್ನಲ್ಲೋ!"

"ಏ ದುರುಗಮ್ಮ, ಅದು ನಾನು ಸುಮ್ನೆ..."

"ಬಿಡ್ತು ಅನ್ರಿ ಸಾಮಿ!"

ಮಧ್ಯಾಹ್ನದ ಹೊತ್ತಿಗೆ ಪೇಟೆಯೆಲ್ಲ ಬ್ಯಾಂಕಿನಲ್ಲಿತ್ತು. ಬಾಗಿಲಲ್ಲಿ ಚಪ್ಪಲಿ ರಾಶಿ, ಕಬ್ಬಿಣದ ಕದಕ್ಕೆ ವಿಭೂತಿ, ಹಿಡಿಗೆ ಹೂವಿನ ಹಾರ. ಷಣ್ಮುಖಪ್ಪ, ಕಸ್ತೂರಮ್ಮ ಇಬ್ಬರೂ ಅಜ್ಜಯ್ಯನ ಪಾದ ತೊಳೆದದ್ದು ತಮ್ಮ ಹಿರಿಯರೇ ಎಂದು ಬಂದವರಿಗೆಲ್ಲ ವಿವರಿಸುತ್ತಿದ್ದರು.

"ಏನ್ರೀ ಇದು? ಲೆಡ್ಜರ್ ಮ್ಯಾಲೆ ಕಾಯಿ ನೀರು ಹರೀತೈತೆ!" ಎಂದು ಮ್ಯಾನೇಜರು ತಲೆ ಚಚ್ಚಿಕೊಳ್ಳುವಷ್ಟರಲ್ಲಿ ಕಾರು ಬಂದು ನಿಂತಿತು.

ದೊಡ್ಡ ಸಾಹೇಬರು ಜನರನ್ನು ನೋಡಿದರು, ಪುಟವನ್ನು ಓದಿದರು. ಚಿತ್ತಪ್ಪ ಮುಂದೆ ಬಂದ. "ತಪ್ಪಾತು ಸಾರ್, ಅದು..." ಎನ್ನುವಷ್ಟರಲ್ಲಿ ಸಾಹೇಬರು ಬೂಟು ಕಳಚಿ, ಕದಕ್ಕೆ ಹಣೆ ಹಚ್ಚಿದರು.

"ಇಂಥ ಪುಣ್ಯಸ್ಥಳ ನಮ್ಮ ಬ್ಯಾಂಕಿನಲ್ಲಿದೆ ಅಂತ ಯಾರೂ ಹೇಳಲೇ ಇಲ್ಲವಲ್ಲ!"

ಮ್ಯಾನೇಜರಿಗೆ ಹೋದ ಜೀವ ಬಂತು. ಕೊಟ್ಟ ಮಾತಿನಂತೆ ಚಿತ್ತಪ್ಪನ ಅರ್ಜಿಯನ್ನು ಮುಂದಿಟ್ಟರು.

"ಛೆ ಛೆ, ಇವರನ್ನು ಕಳಿಸುವುದೇ?" ಎಂದರು ಸಾಹೇಬರು. "ಅಜ್ಜಯ್ಯನ ಚರಿತ್ರೆ ಬಲ್ಲವರು ಇವರೊಬ್ಬರೇ. ಸೋಮವಾರದ ಪೂಜೆ ಇನ್ನು ಇವರದೇ. ರಿಟೈರ್ ಆಗುವವರೆಗೂ ಇಲ್ಲೇ ಇರಲಿ." ಅರ್ಜಿಯ ಮೇಲೆ ಹಾಗೆಂದೇ ಬರೆದು ಸಹಿ ಹಾಕಿದರು.

ಜನ ಕರಗಿದ ಮೇಲೆ ಚಿತ್ತಪ್ಪ ಆ ಕದದ ಮುಂದೆ ಮೆಲ್ಲಗೆ ಕೂತು ಕೈಮುಗಿದ.

"ಅಜ್ಜಯ್ಯಾ, ನೀನು ಇಲ್ಲ ಅಂತ ನನಗೊಬ್ಬನಿಗೇ ಗೊತ್ತು. ಆದ್ರೂ ಒಂದೇ ಒಂದು ಸಲ ಇದ್ದುಬಿಡಪ್ಪ. ನನ್ನನ್ನ ಜಗಳೂರಿಗೆ ಕಳಿಸು."