ಬೇಯಿಸಿದ ಸ್ವೆಟರ್

ರಜೆಯ ದಿನ ಗಂಡಸರು ಇಸ್ಪೀಟು ಆಡಬಹುದು, ಚಹಾದಂಗಡಿಯಲ್ಲಿ ಕೂತು ದೇಶ ಆಳಬಹುದು, ಯಾರೂ ಏನೂ ಅನ್ನುವುದಿಲ್ಲ. ನಾನು ಹಳೆಯ ಉಣ್ಣೆ ಸ್ವೆಟರ್ ಬೇಯಿಸಿದರೆ ಮಾತ್ರ ಬನಹಟ್ಟಿಯ ನಮ್ಮ ಓಣಿಗೆಲ್ಲ ಹೊಟ್ಟೆನೋವು. ಹೌದು, ಬೇಯಿಸುತ್ತೇನೆ. ಇನ್ನೂ ಬೇಯಿಸುವವನೇ.

ಫೋನಿನಲ್ಲಿ ನೋಡಿ ಕಲಿತದ್ದು. ಕುದಿಯುವ ಸಾಬೂನು ನೀರಿಗೆ ಸ್ವೆಟರ್ ಹಾಕಿ, ಕೋಲಿನಿಂದ ತಿರುವಿ, ಕಲ್ಲಿನ ಮೇಲೆ ತಿಕ್ಕಬೇಕು. ಉಣ್ಣೆ ಮುದುಡಿ, ಎಳೆಗೆ ಎಳೆ ಅಂಟಿ ಕಂಬಳಿಯಷ್ಟು ದಪ್ಪಗಾಗುತ್ತದೆ. ಆಮೇಲೆ ಎಲ್ಲಿ ಕತ್ತರಿಸಿದರೂ ಒಂದೆಳೆ ಬಿಚ್ಚುವುದಿಲ್ಲ. ದಿನವಿಡೀ ಮಗ್ಗದಲ್ಲಿ ಹರಿದ ಎಳೆ ಕಟ್ಟುವ ನನಗೆ ಇದಕ್ಕಿಂತ ಸುಖ ಬೇರೆ ಇಲ್ಲ. ಮೊಬೈಲಿಗೆ ಚೀಲ, ಬೈಕಿನ ಸೀಟಿಗೆ ಮೆತ್ತೆ, ಎಲ್ಲ ಮಾಡಿದ್ದೇನೆ. ಅವ್ವ ಮಾತ್ರ, "ಜಳಕದ ಹಂಡೇದಾಗ ಮಂದಿ ಬೆವರ ಕುದಸ್ತಿಯಲ್ಲೋ" ಎಂದು ಬೈಯುತ್ತಾಳೆ.

ಮೊದಲನೆಯದು ಗೆಳೆಯ ಬಸ್ಯಾ ಎಸೆಯಲು ಇಟ್ಟಿದ್ದ ಸ್ವೆಟರ್. ಒಂದು ತಾಸು ಕುದಿಸಿದರೂ ಮುದುಡಲಿಲ್ಲ, ಹೊಸದರಂತೆ ಹೊಳೆಯಿತು. ಅವನು ಅದನ್ನೇ ಹಾಕಿಕೊಂಡು ಬಂದು, "ಛಲೋ ಒಗದಿ ಬಿಡಲೇ. ನಾಳಿ ಪ್ಯಾಂಟ್ ಕೊಡ್ತೇನಿ" ಅಂದ. ಅಂದಿನಿಂದ ನಾನು ಪರೀಕ್ಷೆ ಮಾಡದೆ ಒಲೆ ಹಚ್ಚುವುದಿಲ್ಲ. ನೂಲಿನವರ ಪರೀಕ್ಷೆ ಗೊತ್ತಲ್ಲ, ಒಂದೆಳೆ ಕಿತ್ತು ಕಡ್ಡಿ ಗೀರುವುದು. ಕರಗಿ ಗುಂಡಾದರೆ ನಕಲಿ, ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ.

ಕಳೆದ ಕಾರ್ತಿಕದಲ್ಲಿ ನಮ್ಮ ಮನೆಯ ಮಂಚದ ಮೇಲೆಯೇ ಮೊಳಕೈ ಹರಿದ ಕಂದು ಸ್ವೆಟರ್ ಸಿಕ್ಕಿತು. ಎಳೆ ಸುಟ್ಟೆ. ಅಪ್ಪಟ ಉಣ್ಣೆ. ಹಂಡೆಗೆ ಹಾಕಿದೆ. ಸಂತೆಯಿಂದ ಬಂದ ಹೆಂಡತಿ ಗಂಗಾ ಅದನ್ನು ನೋಡಿ ಚೀಲ ಕೆಳಗಿಟ್ಟಳು.

"ಅದು ಅಪ್ಪಂದ್ರಿ. ಮೊಳಕೈ ಹೊಲಿಯಾಕ ಕೊಟ್ಟ ಹೋಗ್ಯಾನ. ನಸುಕಿನ್ಯಾಗ ಹೊಳಿ ದಂಡಿ ಹೊಲಕ್ಕ ಹೋಗಾಕ ಅವಂಗ ಅದೊಂದ ಐತಿ. ನೂಲ ಯಾವದಂತ ಸುಟ್ಟ ನೋಡ್ತೀರಿ, ಯಾರದಂತ ಬಾಯಿಬಿಟ್ಟ ಕೇಳಾಕ ಆಗಲಿಲ್ಲೇನ್ರಿ?"

ನೇಕಾರನಿಗೆ ನೂಲು ಮುಖ್ಯ ಅಂದೆ. ಆಮೇಲೆ ಎಂಟು ದಿನ ಅವಳು ನನ್ನೊಂದಿಗೆ ಮಾತಾಡಲಿಲ್ಲ.

ಎಂಟನೆಯ ದಿನ ಗಲಗಲಿಯಿಂದ ಮಾವ ಸ್ವೆಟರ್ ಒಯ್ಯಲು ಬಂದರು. ಮುಚ್ಚಿಡುವುದು ನನಗೆ ಆಗದ ಮಾತು. ನಾಲ್ಕು ವರ್ಷದ ಕೂಸಿಗೆ ಆಗುವಂತಾಗಿದ್ದ ಸ್ವೆಟರನ್ನು ಕೈಗೇ ಕೊಟ್ಟೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಬಾಳ ಗಟ್ಟಿ ಆಗೈತ್ರಿ ಅಳಿಯಂದರ. ಗಾಳಿ ಹಾಯಂಗಿಲ್ಲ."

"ಕತ್ತರಿಸಿದ್ರೂ ಎಳಿ ಬಿಚ್ಚಂಗಿಲ್ರಿ ಮಾವಾರ," ಅಂದೆ, ಎದೆ ಉಬ್ಬಿಸಿ.

"ಛಲೋ ಆತು. ಹಾಕ್ಕೋರಿ ನೋಡೂಣು."

"ನನಗ ಆಗಂಗಿಲ್ರಿ."

"ನನಗೂ ಆಗಂಗಿಲ್ರಿ. ಮತ್ತ ನಾ ಏನ ಹಾಕ್ಕೊಳ್ಳಲಿ?"

ದನಿ ಏರಿಸಲಿಲ್ಲ, 'ರಿ' ಬಿಡಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬಾಗಿಲಲ್ಲಿ ನಿಂತ ಗಂಗಾ ನನ್ನನ್ನು ನೋಡದೆ ಗೋಡೆಯ ಗೂಟ ನೋಡುತ್ತಿದ್ದಳು. ಅಲ್ಲಿ ನನ್ನ ಕರಿ ಜಾಕೆಟ್ ನೇತಾಡುತ್ತಿತ್ತು. ತಪ್ಪಾಯಿತು ಅನ್ನುವುದೋ, ಜಾಕೆಟ್ ತೆಗೆಯುವುದೋ? ಜಾಕೆಟ್ ತೆಗೆದೆ. ಮಾವ ಅದನ್ನು ತೊಟ್ಟು, ಜಿಪ್ಪನ್ನು ಕುತ್ತಿಗೆವರೆಗೆ ಎಳೆದು, "ಕಿಸೇನೂ ಬಾಳ ಅದಾವು" ಎಂದು ಒಂದರಲ್ಲಿ ಶೇಂಗಾ ತುಂಬಿಕೊಂಡರು. ಗಂಗಾ, "ಚಾ ಕುಡೀತೀರೇನ್ರಿ?" ಅಂದಳು. ನನಗೇ ಅಂದದ್ದು.

ಈಗ ನಸುಕಿನಲ್ಲಿ ಅಂಗಿಯೊಳಗೆ ಹಳೆಯ ಪೇಪರು ತುರುಕಿಕೊಂಡು ಬೈಕಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಬಸ್ಯಾ ಹೇಳುತ್ತಾನೆ, "ತಪ್ಪಾತು ಅನ್ನಲೇ, ಮಾವ ಜಾಕೆಟ್ ವಾಪಸ್ ಕೊಡ್ತಾನ." ಅನ್ನುವುದಿಲ್ಲ. ತಪ್ಪೊಪ್ಪಿದರೆ ಆ ಜಾಕೆಟ್ ದಂಡ ಕಟ್ಟಿದಂತಾಗುತ್ತದೆ. ಒಪ್ಪದಿದ್ದರೆ ಅದು ಅಳಿಯ ಮಾವನಿಗೆ ಮಾಡಿದ ಮರ್ಯಾದೆ. ಈ ಮಾತನ್ನು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ, ಹಲ್ಲು ಕಟಕಟ ಅನ್ನುವುದು ಸ್ವಲ್ಪ ನಿಂತರೆ.