ಮುನಿಯಮ್ಮ ಹೇಳದ ಮಾತು

ನಾನು ನಿಂತಿದ್ದದ್ದು ಹಾಲಿನ ಡೇರಿಯ ಎರಡನೇ ಮೆಟ್ಟಿಲ ಮೇಲೆ, ಅಳತೆಯ ಮೇಜಿನಿಂದ ಮೂರು ಹೆಜ್ಜೆ ಎಡಕ್ಕೆ. ಊರು ಕ್ಯಾಲನೂರಿನ ಆಚೆಗಿನದು. ಹೆಸರು ಬೇಡ, ನಮ್ಮಿಂದ ಅವರಿಗೆ ಆಗಿರುವ ಪ್ರಚಾರವೇ ಸಾಕು. ಕಳೆದ ಬೇಸಿಗೆಯ ಒಂದು ಮಂಗಳವಾರ, ಬೆಳಿಗ್ಗೆ ಆರು ಐವತ್ತು. ಅದು ಡೇರಿಯ ಗೋಡೆ ಗಡಿಯಾರದಲ್ಲಿ. ನನ್ನ ಕೈಗಡಿಯಾರದಲ್ಲಿ ಆರು ನಲವತ್ತಾರು. ಇಷ್ಟು ಕರಾರುವಾಕ್ಕಾಗಿ ಹೇಳಲು ಕಾರಣವಿದೆ. ನಾನು ಆ ಊರಿನಲ್ಲಿ ಎಂಟು ತಿಂಗಳು ಕ್ಷೇತ್ರಕಾರ್ಯ ಮಾಡಿದೆನೆಂದು ನನ್ನ ಹೆಸರು ಹೊತ್ತ ಒಂದು ಸಂಶೋಧನಾ ಲೇಖನದಲ್ಲಿ ಅಚ್ಚಾಗಿದೆ. ನಾನು ಆ ಊರಿಗೆ ಕಾಲಿಟ್ಟಿದ್ದು ಆ ಮಂಗಳವಾರವೇ ಮೊದಲು.

ನಾನು ಕೋಲಾರದ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ನಮ್ಮ ಕಡೆ ಹೊಲದ ಕೆಲಸಕ್ಕೆ ಮುಯ್ಯಾಳಿನ ಪದ್ಧತಿ ಇದೆ. ಇವತ್ತು ನಿನ್ನ ರಾಗಿ ಹೊಲದ ಕಳೆಗೆ ನಾನು ಬರುತ್ತೇನೆ, ನಾಳೆ ನನ್ನ ಹೊಲಕ್ಕೆ ನೀನು ಬಾ. ನಮ್ಮ ಸ್ಟಾಫ್ ರೂಮಿನಲ್ಲಿ ಇದನ್ನು ಸಂಶೋಧನೆಗೂ ವಿಸ್ತರಿಸಿಕೊಂಡಿದ್ದೇವೆ. ಬಡ್ತಿಗೆ ಲೇಖನಗಳು ಬೇಕು. ಆದ್ದರಿಂದ ಸಹೋದ್ಯೋಗಿ ನಂಜುಂಡಪ್ಪನ ಲೇಖನದಲ್ಲಿ ನನ್ನ ಹೆಸರು ಎರಡನೆಯದು, ನನ್ನ ಲೇಖನದಲ್ಲಿ ಅವನದು. ಹೊಲಕ್ಕೆ ಬಂದ ಮುಯ್ಯಾಳು ಸೊಂಟವನ್ನಾದರೂ ಬಗ್ಗಿಸಬೇಕು. ನಮ್ಮಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ.

ಮೊದಲು ಇಬ್ಬರಲ್ಲಿ ಒಬ್ಬರಾದರೂ ಬಗ್ಗುತ್ತಿದ್ದೆವು. ಈಚೆಗೆ ನಂಜುಂಡಪ್ಪ ಎಐಗೆ ವಿಷಯ ಹೇಳಿ ಚಹಾಕ್ಕೆ ಹೋಗುತ್ತಾನೆ. ವಾಪಸ್ಸು ಬರುವಷ್ಟರಲ್ಲಿ ಉಪಸಂಹಾರ ಮುಗಿದಿರುತ್ತದೆ. ‘ಹೈನುಗಾರಿಕೆಯಲ್ಲಿ ಗ್ರಾಮೀಣ ಮಹಿಳೆಯರ ಪಾರಂಪರಿಕ ಜ್ಞಾನ’ ಹುಟ್ಟಿದ್ದು ಹೀಗೆಯೇ. ಸಂಶೋಧನಾ ಪತ್ರಿಕೆಯವರು ಎಚ್ಚರದವರು, ಘೋಷಣಾ ಪತ್ರ ಕೇಳಿದರು. ಎಐ ಅನ್ನು ಭಾಷೆ ತಿದ್ದಲು ಮಾತ್ರ ಬಳಸಿದ್ದೇವೆ, ಪ್ರತಿ ವಾಕ್ಯಕ್ಕೂ ಲೇಖಕರೇ ಹೊಣೆ ಎಂದು ಅದರಲ್ಲಿ ಘನವಾಗಿ ಬರೆದಿತ್ತು. ಬರೆದುಕೊಟ್ಟದ್ದು ಎಐ. ಕೆಳಗಿನ ಸಹಿ ಮಾತ್ರ ನನ್ನದು. ಅದಕ್ಕೆ ನಾನು ಯಾರ ನೆರವನ್ನೂ ಪಡೆದಿಲ್ಲ.

ನಂಜುಂಡಪ್ಪ ಅದಕ್ಕೂ ಮೊದಲು ಒಮ್ಮೆ ಆ ಊರಿಗೆ ಹೋಗಿದ್ದ, ಸುಳ್ಳಲ್ಲ. ಮುನಿಯಮ್ಮ ಎಂಬ ಮುದುಕಿಯ ಜಗಲಿಯ ಮೇಲೆ ಹತ್ತು ನಿಮಿಷ ಕೂತು, ಮಜ್ಜಿಗೆ ಕುಡಿದು, ಅವರ ಹೆಸರು, ವಯಸ್ಸು, ಎರಡು ಹಸು ಎಂದು ಬರೆದುಕೊಂಡು ಬಂದಿದ್ದ. ಆ ಮಂಗಳವಾರ, ಅವರು ಡೇರಿಗೆ ಹಾಲು ಹಾಕಲು ಬರುವ ಹೊತ್ತಿಗೆ, ಅಚ್ಚಾದ ಪ್ರತಿಯನ್ನು ಅವರ ಕೈಗಿಟ್ಟು ಕಾಲೇಜಿನ ಕಡತಕ್ಕೊಂದು ಫೋಟೋ ತೆಗೆಯಬೇಕಿತ್ತು. ಫೋನು ಹಿಡಿಯಲು ನಾನು ಹೋಗಿದ್ದೆ.

ಸರದಿಯಲ್ಲಿ ಹದಿನಾಲ್ಕು ಜನ ಇದ್ದರು. ಡೇರಿಯ ಕಾರ್ಯದರ್ಶಿ ಕೃಷ್ಣಾರೆಡ್ಡಿ ಖುಷಿಯಾಗಿ, “ಓದಿ ಸಾರ್, ನಮ್ ಮುನಿಯಮ್ಮ ಏನು ಹೇಳವ್ಳೋ ಎಲ್ರೂ ಕೇಳಾಣ,” ಎಂದರು. ನಂಜುಂಡಪ್ಪ ಹೆಸರಿದ್ದ ಪುಟ ಹುಡುಕಿ, ಗಂಟಲು ಸರಿಮಾಡಿಕೊಂಡು, ತಾನೂ ಮೊದಲ ಸಲ ಓದಿದ: “ಬೇಸಿಗೆಯಲ್ಲಿ ಹಾಲಿಗೆ ಅಲ್ಪ ಪ್ರಮಾಣದ ನೀರು ಸೇರಿಸಿ ಅದರ ಸಮತೋಲನ ಕಾಪಾಡುವುದು ನಮ್ಮ ಹಿರಿಯರಿಂದ ಬಂದ ಜ್ಞಾನ, ಎನ್ನುತ್ತಾರೆ ಮುನಿಯಮ್ಮ.”

ಮುನಿಯಮ್ಮನ ಕ್ಯಾನು ಮೇಜಿನ ಮೇಲಿತ್ತು. ಕೃಷ್ಣಾರೆಡ್ಡಿ ಅದನ್ನು ನೋಡಿದರು, ನಂಜುಂಡಪ್ಪನನ್ನು ನೋಡಿದರು. “ಏಂದಿ ಸಾರ್ ಇದಿ,” ಎಂದು ತೆಲುಗಿನಲ್ಲಿ ಗೊಣಗಿ, ಆಗಲೇ ಪರೀಕ್ಷೆ ಮಾಡಿ ಸರಿಯಿದೆ ಎಂದಿದ್ದ ಹಾಲಿಗೆ ಲ್ಯಾಕ್ಟೋಮೀಟರನ್ನು ಇನ್ನೊಮ್ಮೆ ಇಳಿಬಿಟ್ಟರು. ಹಾಲು ಸರಿಯಾಗಿಯೇ ಇತ್ತು. ಆದರೆ ಒಬ್ಬರ ಹಾಲನ್ನು ಎರಡು ಸಲ ನೋಡಿದ್ದು ಆ ಡೇರಿಯಲ್ಲಿ ಅದೇ ಮೊದಲು ಎಂದು ಆಮೇಲೆ ತಿಳಿಯಿತು. ಹಿಂದೆ ನಿಂತಿದ್ದ ಷಹೀನಾಬಿ, “ಎಲ್ರದ್ದೂ ಒಂದೇ ಟ್ಯಾಂಕರ್‌ಗೆ ಹೋಗ್ತದಲ್ಲ ರೆಡ್ಡಿಯವ್ರೆ, ಈ ಪುಸ್ತಕ ಒಕ್ಕೂಟದೋರು ಯಾರಾದ್ರೂ ಓದಿದ್ರೆ?” ಎಂದರು. ನಮ್ಮ ಪತ್ರಿಕೆಯನ್ನು ಯಾರಾದರೂ ಓದಬಹುದೆಂಬ ಭಯ ಅದರ ಇತಿಹಾಸದಲ್ಲಿ ಅದುವರೆಗೆ ಯಾರಿಗೂ ಬಂದಿರಲಿಕ್ಕಿಲ್ಲ.

“ನಾನು ಯಾವಾಗ್ಲಾ ಹಂಗಂದೆ?” ಎಂದು ಮುನಿಯಮ್ಮ ಕೇಳಿದರು. ದನಿ ಎತ್ತರಿಸಲಿಲ್ಲ.

“ಅದು ನಾನು ಬರ್ದಿದ್ದಲ್ಲಮ್ಮ, ಕಂಪ್ಯೂಟರ್ ಬರ್ದಿದ್ದು,” ಎಂದ ನಂಜುಂಡಪ್ಪ.

“ಕಂಪ್ಯೂಟ್ರು ನಮ್ಮನೆಗೆ ಬಂದಿತ್ತೇನು? ಮಜ್ಜಿಗೆ ಕುಡ್ದೋನು ನೀನು.” ಆಮೇಲೆ ನನ್ನ ಕಡೆ ತಿರುಗಿ, “ನೀನ್ಯಾರಪ್ಪ?” ಎಂದರು.

“ಇದ್ರಲ್ಲಿ ನನ್ನ ಹೆಸ್ರೂ ಇದೆ.”

“ನೀನು ಓದಿದ್ಯಾ?”

ಓದಿದ್ದೇನೆ ಎಂದರೆ ಅವರ ಮೇಲೆ ಸುಳ್ಳು ಹೊರಿಸಿದವನಾಗುತ್ತೇನೆ. ಇಲ್ಲ ಎಂದರೆ ಘೋಷಣಾ ಪತ್ರ ಸುಳ್ಳಾಗುತ್ತದೆ. ಹದಿನಾಲ್ಕು ಜನರೂ ಕಾಯುತ್ತಿದ್ದರು. “ಇಲ್ಲ,” ಎಂದೆ. ಇಡೀ ಸಂಶೋಧನೆಯಲ್ಲಿ ನನ್ನ ಸ್ವಂತ ಕೊಡುಗೆ ಈ ಒಂದು ಪದ. ಮುನಿಯಮ್ಮ ಹಾಗೆ ಹೇಳಿಲ್ಲವೆಂದು ಅಲ್ಲೇ ಕೈಯಾರೆ ಬರೆದುಕೊಟ್ಟೆ. ರೆಡ್ಡಿ ಅದನ್ನು ಗೋಡೆಗೆ ಅಂಟಿಸಿದರು.

ಆದರೆ ಗೋಡೆ ಡೇರಿಯದು, ಸುಳ್ಳು ಇರುವುದು ಪತ್ರಿಕೆಯಲ್ಲಿ. ಲೇಖನವನ್ನೇ ಹಿಂತೆಗೆದುಕೊಳ್ಳಿ ಎಂದು ಸಂಪಾದಕರಿಗೆ ಬರೆದೆ. ಆಕೆ ಆ ಮಾತನ್ನು ಹೇಳಿಲ್ಲ ಎಂಬುದಕ್ಕೆ ಆಧಾರ ಒದಗಿಸಿ ಎಂದು ಉತ್ತರ ಬಂತು. ಹೇಳಿದರು ಎಂದು ಅಚ್ಚು ಹಾಕುವಾಗ ಅವರು ಯಾವ ಆಧಾರವನ್ನೂ ಕೇಳಿರಲಿಲ್ಲ. ನಂಜುಂಡಪ್ಪ, “ಬಿಡೋ, ಇಬ್ರ ಬಡ್ತಿಗೂ ಕಲ್ಲು ಹಾಕ್ಬೇಡ ಕಣೋ,” ಎಂದು ಬೇಡಿಕೊಂಡ. ಆ ಮಂಗಳವಾರ ತನಗೆ ಜ್ವರವಿತ್ತು, ತಾನು ಡೇರಿಗೆ ಬಂದೇ ಇರಲಿಲ್ಲ ಎಂದು ಈಗ ಹೇಳುತ್ತಿದ್ದಾನೆ.

ಹಾಗಾಗಿ ಅವನು ಡೇರಿಯಲ್ಲಿ ಒಪ್ಪಿಕೊಂಡದ್ದಕ್ಕೆ ಸಾಕ್ಷಿಗಳ ಪಟ್ಟಿ ಬರೆದೆ. ಕಳಿಸುವ ಮೊದಲು ತಮ್ಮ ಮುಂದೆ ಓದಬೇಕೆಂದು ಮುನಿಯಮ್ಮ ಹೇಳಿದ್ದರಿಂದ ಮತ್ತೆ ಊರಿಗೆ ಹೋಗಿ ಓದಿದೆ. ಕಣ್ಣಾರೆ ಕಂಡವರು, ಈಗಲೂ ಬದುಕಿರುವವರು: ಕಾರ್ಯದರ್ಶಿ ಕೃಷ್ಣಾರೆಡ್ಡಿ, ಷಹೀನಾಬಿ, ಸರದಿಯಲ್ಲಿದ್ದ ಉಳಿದ ಹನ್ನೆರಡು ಜನ, ಒಬ್ಬೊಬ್ಬರ ಹೆಸರು, ತಂದೆಯ ಹೆಸರು ಸಹಿತ, ಸ್ವತಃ ಮುನಿಯಮ್ಮ. ಕೊನೆಗೆ ನನ್ನ ಹೆಸರು ಓದಿದೆ.

“ಅದನ್ನ ತೆಗಿ,” ಎಂದರು ಮುನಿಯಮ್ಮ. “ನೀನು ಸಾಕ್ಷಿ ಅಂದ್ರೆ ನನ್ ಮಾತೂ ನಂಬಲ್ಲ.”

ತೆಗೆದಿದ್ದೇನೆ.